ಮನೆಯಿಂದ ಕಚೇರಿ ಕೆಲಸ: ವಿಪಿಎನ್ ಎಂದರೇನು, ಅದರ ಕೀಲಿ ಯಾರ ಕೈಯಲ್ಲಿ?

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದ ಇ-ಬಿಸಿನೆಸ್ ಪಾಠದಲ್ಲಿ ವಿಪಿಎನ್ ಎಂಬ ಹೆಸರು ಬಂದು ಹೋಗುತ್ತದೆ. ನೌಕರರು ಕಚೇರಿಗೆ ಹೋಗದೆ ಕೆಲಸ ಮಾಡಲು ಇದು ನೆರವಾಗುತ್ತದೆ ಎಂದು ಓದಿ, ‘ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್’ ಎಂಬ ವಿಸ್ತೃತ ರೂಪವನ್ನು ಬಾಯಿಪಾಠ ಮಾಡಿ ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ವಾಣಿಜ್ಯ ವಿಭಾಗದ ನಮಗೆ ಇದು ಒಂದು ಅಂಕದ ಪ್ರಶ್ನೆಗಿಂತ ದೊಡ್ಡ ವಿಷಯ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಬಿ.ಕಾಂ. ಮುಗಿಸಿದವರಿಗೆ ಕೆಲಸ ಹೆಚ್ಚಾಗಿ ಸಿಗುವುದು ಮೈಸೂರು, ಬೆಂಗಳೂರಿನಲ್ಲಿ. ಊರು ಬಿಟ್ಟು ಹೋಗಲು ಎಲ್ಲರಿಗೂ ಆಗುವುದಿಲ್ಲ. ಹಲವು ಹುಡುಗಿಯರಿಗೆ ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ, ಕೆಲವರಿಗೆ ಅಲ್ಲಿನ ಬಾಡಿಗೆ ಕಟ್ಟಲು ಆಗುವುದಿಲ್ಲ. ಊರಿನಲ್ಲೇ ಇದ್ದು ಆ ಕೆಲಸ ಮಾಡಬೇಕಾದರೆ ಕಚೇರಿಯವರು ನಮ್ಮನ್ನು ನಂಬಿ ತಮ್ಮ ಲೆಕ್ಕದ ಬಾಗಿಲು ತೆರೆಯಬೇಕು. ಆ ಬಾಗಿಲಿನ ಹೆಸರೇ ವಿಪಿಎನ್.

ಸಮಸ್ಯೆ ಏನು?

ಒಂದು ಆಡಿಟರ್ ಕಚೇರಿಯನ್ನು ತೆಗೆದುಕೊಳ್ಳಿ. ಗಿರಾಕಿಗಳ ಟ್ಯಾಲಿ ಲೆಕ್ಕ, ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಜಿಎಸ್‌ಟಿ ಕಾಗದ ಎಲ್ಲವೂ ಒಂದು ಮುಖ್ಯ ಕಂಪ್ಯೂಟರಿನಲ್ಲಿರುತ್ತವೆ. ಅದನ್ನು ಸರ್ವರ್ ಎನ್ನುತ್ತಾರೆ. ಕಚೇರಿಯೊಳಗಿನ ಉಳಿದ ಕಂಪ್ಯೂಟರುಗಳು ತಂತಿ ಅಥವಾ ವೈ-ಫೈ ಮೂಲಕ ಅದಕ್ಕೆ ಸೇರಿರುತ್ತವೆ. ಗೋಡೆಯ ಹೊರಗಿನವರಿಗೆ ಪ್ರವೇಶವಿಲ್ಲ. ಈಗ ಗುಮಾಸ್ತರೊಬ್ಬರು ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆಯಿಂದ ಮೈಸೂರಿನ ಆ ಸರ್ವರ್‌ನಲ್ಲಿ ಕೆಲಸ ಮಾಡಬೇಕು. ನಡುವೆ ಇರುವುದು ಎಲ್ಲರೂ ಬಳಸುವ ಇಂಟರ್ನೆಟ್.

ಇದಕ್ಕೆ ಹಳೆಯ ಉತ್ತರ ಲೀಸ್ಡ್ ಲೈನ್, ಅಂದರೆ ದೂರಸಂಪರ್ಕ ಕಂಪನಿಯಿಂದ ಬಾಡಿಗೆಗೆ ಪಡೆಯುವ ಪ್ರತ್ಯೇಕ ಮಾರ್ಗ. ಬ್ಯಾಂಕುಗಳ ಶಾಖೆಗಳಿಗೆ ಅದು ಸರಿ. ಒಬ್ಬ ಗುಮಾಸ್ತರ ಮನೆಗೆ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ.

ಬಂಡೀಪುರದ ರಸ್ತೆಯ ಉದಾಹರಣೆ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆ ಬಂಡೀಪುರ ಕಾಡಿನೊಳಗೆ ಹಾದು ಹೋಗುತ್ತದೆ. ಅದು ಎಲ್ಲರ ರಸ್ತೆ. ತನ್ನ ಸರಕಿಗಾಗಿ ಒಬ್ಬ ವ್ಯಾಪಾರಿ ಕಾಡಿನಲ್ಲಿ ಬೇರೆ ರಸ್ತೆ ಮಾಡಿಸಲಾರ. ಅವನು ಮಾಡಬಹುದಾದದ್ದು, ಸರಕನ್ನು ಮುಚ್ಚಿದ ಲಾರಿಯಲ್ಲಿಟ್ಟು ಬೀಗ ಹಾಕಿ ಕಳಿಸುವುದು. ನೋಡುವವರಿಗೆ ಲಾರಿ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಒಳಗೆ ಅರಿಶಿನ ಇದೆಯೋ ಚೆಂಡು ಹೂವು ಇದೆಯೋ ತಿಳಿಯುವುದಿಲ್ಲ. ವಿಪಿಎನ್ ಮಾಡುವುದೂ ಇದನ್ನೇ. ನಿಮ್ಮ ಇಂಟರ್ನೆಟ್ ಕಂಪನಿಗೆ ನೀವು ಯಾವ ಕಚೇರಿಗೆ ಸಂಪರ್ಕಿಸಿದ್ದೀರಿ, ಎಷ್ಟು ಡೇಟಾ ಹೋಯಿತು ಎಂಬುದು ಕಾಣುತ್ತದೆ; ಒಳಗಿನ ಲೆಕ್ಕ ಕಾಣುವುದಿಲ್ಲ.

ಹೋಲಿಕೆಗೂ ಮಿತಿ ಇದೆ. ಚೆಕ್‌ಪೋಸ್ಟ್‌ನಲ್ಲಿ ಲಾರಿಯ ಬೀಗ ತೆಗೆಸಬಹುದು. ವಿಪಿಎನ್‌ನಲ್ಲಿ ಕೀಲಿ ಇಲ್ಲದ ನಡುವಿನವರು ಬೀಗ ತೆಗೆಯಲಾರರು. ಆದರೆ ಒಂದು ಮಾತು ಎರಡಕ್ಕೂ ಒಪ್ಪುತ್ತದೆ. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಸಂಚಾರವಿಲ್ಲ. ಬೀಗ ಎಷ್ಟೇ ಗಟ್ಟಿಯಿದ್ದರೂ ರಸ್ತೆ ಮುಚ್ಚಿದರೆ ಲಾರಿ ನಿಲ್ಲಲೇಬೇಕು. ಹಾಗೆಯೇ ಕರೆಂಟ್ ಅಥವಾ ನೆಟ್ ಹೋದರೆ ವಿಪಿಎನ್ ಕೆಲಸಕ್ಕೆ ಬಾರದು.

ವಿಪಿಎನ್ ಮಾಡುವ ಮೂರು ಕೆಲಸಗಳು

1. ಗುರುತು ಕೇಳುವುದು: ಬಂದವರು ನಿಜವಾದ ನೌಕರರೇ ಎಂದು ಪಾಸ್‌ವರ್ಡ್, ಮೊಬೈಲಿಗೆ ಬರುವ ಓಟಿಪಿ, ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ ಡಿಜಿಟಲ್ ಪ್ರಮಾಣಪತ್ರ ಇವುಗಳಿಂದ ಪರೀಕ್ಷಿಸುತ್ತದೆ.

2. ಗೂಢಲಿಪಿ ಮಾಡುವುದು: ಮಾಹಿತಿಯನ್ನು ಎನ್‌ಕ್ರಿಪ್ಷನ್ ಮೂಲಕ ಅರ್ಥವಾಗದ ಅಕ್ಷರಗಳಾಗಿ ಬದಲಿಸುತ್ತದೆ. ಎರಡು ತುದಿಗಳಲ್ಲಿರುವ ಕೀಲಿಗಳಿಂದ ಮಾತ್ರ ಅದನ್ನು ಮತ್ತೆ ಓದಬಹುದು.

3. ಸುರಂಗ ಮಾಡುವುದು: ಕಚೇರಿಯ ಒಳವಿಳಾಸ ಬರೆದ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಕಳಿಸುತ್ತದೆ. ಹೊರಗಿನ ಲಕೋಟೆಯ ಮೇಲೆ ಕಚೇರಿಯ ಬಾಗಿಲಿನ ವಿಳಾಸ ಮಾತ್ರ ಇರುತ್ತದೆ. ಇದಕ್ಕೆ ಟನೆಲ್ ಎನ್ನುತ್ತಾರೆ.

2020ರಲ್ಲಿ ಆದದ್ದು

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾಯಿತು. ಬೆಂಗಳೂರಿನ ಐಟಿ ಮತ್ತು ಬಿಪಿಓ ಕಂಪನಿಗಳ ನೌಕರರು ಲ್ಯಾಪ್‌ಟಾಪ್ ಹೊತ್ತು ತಮ್ಮ ಊರುಗಳಿಗೆ ಬಂದರು. ಇದಕ್ಕೆ ಕಾನೂನಿನ ಒಂದು ಅಡ್ಡಿ ಇತ್ತು. ಕಾಲ್ ಸೆಂಟರ್‌ನಂಥ ಸಂಸ್ಥೆಗಳು ಮನೆಯಿಂದ ಕೆಲಸ ಮಾಡಿಸಲು ಸರ್ಕಾರದಲ್ಲಿ ಭದ್ರತಾ ಠೇವಣಿ ಇಟ್ಟು, ಅಧಿಕೃತ ದೂರಸಂಪರ್ಕ ಕಂಪನಿಯಿಂದಲೇ ವಿಪಿಎನ್ ಪಡೆಯಬೇಕಿತ್ತು. ಕೇಂದ್ರದ ದೂರಸಂಪರ್ಕ ಇಲಾಖೆ 2020ರ ಮಾರ್ಚ್ 13ರಂದು ಇದನ್ನು ತಾತ್ಕಾಲಿಕವಾಗಿ ಸಡಿಲಿಸಿ, ಸಂಸ್ಥೆಗಳು ತಾವೇ ಸುರಕ್ಷಿತ ವಿಪಿಎನ್ ರಚಿಸಿಕೊಳ್ಳಬಹುದು ಎಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಗಳೇ ಬಂದವು.

ಆಗ ನಮ್ಮ ಖಾಲಾ ಅವರ ಮಗನೂ ಬೆಂಗಳೂರಿನಿಂದ ಬಂದು ಇಲ್ಲಿಂದಲೇ ಕೆಲಸ ಮಾಡಿದರು. ಬೆಳಿಗ್ಗೆ ವಿಪಿಎನ್‌ಗೆ ಸೇರುವುದೇ ಅವರ ಹಾಜರಾತಿ. ಮನೆಯ ಮಕ್ಕಳು ಎಷ್ಟು ಹಟ ಮಾಡಿದರೂ ಆ ಲ್ಯಾಪ್‌ಟಾಪಿನಲ್ಲಿ ಒಂದು ಕಾರ್ಟೂನ್ ಕೂಡ ಹಾಕಿಕೊಡುತ್ತಿರಲಿಲ್ಲ. “ಇದು ನನ್ನದಲ್ಲ, ಅಮಾನತ್” ಎನ್ನುತ್ತಿದ್ದರು.

ಸಣ್ಣ ಕಚೇರಿಗೆ ಇದು ಸಾಧ್ಯವೇ?

ಸಾಧ್ಯ. ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕಚೇರಿಯಲ್ಲಿ ಅದನ್ನು ನಡೆಸುವ ಒಂದು ಕಂಪ್ಯೂಟರ್ ಅಥವಾ ರೌಟರ್, ಬದಲಾಗದ ಒಂದು ಐಪಿ ವಿಳಾಸ, ತಿಳಿದವರಿಂದ ಅಳವಡಿಕೆ ಇಷ್ಟು ಬೇಕು. ಐಪಿ ವಿಳಾಸಕ್ಕೆ ಇಂಟರ್ನೆಟ್ ಕಂಪನಿ ಹೆಚ್ಚುವರಿ ಶುಲ್ಕ ಕೇಳುತ್ತದೆ.

ಖರ್ಚು ಉಳಿಸಲು ಕೆಲವರು ವಿಪಿಎನ್ ಇಲ್ಲದೆ ‘ರಿಮೋಟ್ ಡೆಸ್ಕ್‌ಟಾಪ್’ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುತ್ತಾರೆ. ಇದು ಅಪಾಯ. ಹಾಗೆ ತೆರೆದ ಕಂಪ್ಯೂಟರನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ಕೆಲಸವನ್ನು ಕಳ್ಳರ ಯಂತ್ರಗಳು ಹಗಲೂ ರಾತ್ರಿ ಮಾಡುತ್ತವೆ. ಒಳಗೆ ನುಗ್ಗಿದರೆ ಎಲ್ಲ ಲೆಕ್ಕಕ್ಕೂ ತಮ್ಮ ಬೀಗ ಹಾಕಿ ಹಣ ಕೇಳುತ್ತಾರೆ. ಇದೇ ರಾನ್ಸಮ್‌ವೇರ್. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್, ಅದರಲ್ಲೂ ಆ ನೌಕರರಿಗೆ ಬೇಕಾದ ಕಡತಗಳಿಗೆ ಮಾತ್ರ ಅನುಮತಿ.

ಕೀಲಿ ಕಾಯುವವರು ಯಾರು?

ವಿಪಿಎನ್ ರಸ್ತೆಯನ್ನು ಕಾಯುತ್ತದೆ, ಎರಡು ತುದಿಗಳನ್ನು ಕಾಯುವುದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೆ ಅದೂ ಅದೇ ಸುರಂಗದಿಂದ ಕಚೇರಿಗೆ ಹೋಗಬಹುದು. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಕಂಪನಿಗೆ ದಾಳಿಕೋರರು ನುಗ್ಗಿದ್ದು ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಮೂಲಕ. ಅದಕ್ಕೆ ಪಾಸ್‌ವರ್ಡ್ ಒಂದೇ ಇತ್ತು, ಎರಡನೇ ಹಂತದ ಪರೀಕ್ಷೆ ಇರಲಿಲ್ಲ. ಪೈಪ್‌ಲೈನ್ ಕೆಲವು ದಿನ ನಿಂತಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಮುಚ್ಚಬೇಕು, ಓಟಿಪಿಯಂಥ ಎರಡನೇ ಬೀಗ ಇರಬೇಕು ಎಂಬುದು ಇದರ ಪಾಠ.

ಮನೆಯಲ್ಲಿ ಉರ್ದು ಮಾತಾಡುವ ನಮಗೆ ಅಮಾನತ್ ಎಂದರೆ ನಂಬಿ ಕೊಟ್ಟ ವಸ್ತು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ನೌಕರಿಯಿಂದ ತಡೆಹಿಡಿಯುವುದು. ವಿಪಿಎನ್ ಪಾಸ್‌ವರ್ಡ್ ವಿಷಯದಲ್ಲಿ ಎರಡೂ ಅರ್ಥ ನಿಜ. ಮೊದಲನೆಯದನ್ನು ಕಾಯದವರಿಗೆ ಎರಡನೆಯದು ಬರುತ್ತದೆ!

ಗೊಂದಲ ಬೇಡ

ಮೊಬೈಲಿನಲ್ಲಿ ಹಾಕಿಕೊಳ್ಳುವ ಉಚಿತ ವಿಪಿಎನ್ ಆ್ಯಪ್ ಬೇರೆ, ಕಂಪನಿಯ ವಿಪಿಎನ್ ಬೇರೆ. ಆ್ಯಪ್‌ನಲ್ಲಿ ಸುರಂಗದ ಆಚೆ ತುದಿ ಇರುವುದು ನಮಗೆ ಪರಿಚಯವಿಲ್ಲದವರ ಬಳಿ. ಕಂಪನಿ ವಿಪಿಎನ್‌ನಲ್ಲಿ ಅದು ನಮ್ಮದೇ ಕಚೇರಿ. ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ನಿರ್ದೇಶಿಸಿತು. ಈ ನಿಯಮ ಕಂಪನಿಗಳ ಒಳಬಳಕೆಯ ವಿಪಿಎನ್‌ಗೆ ಅನ್ವಯಿಸುವುದಿಲ್ಲ ಎಂದು ಅನಂತರ ಸ್ಪಷ್ಟಪಡಿಸಿತು.

ಅಭ್ಯಾಸ ಪ್ರಶ್ನೆಗಳು

1. ಲೀಸ್ಡ್ ಲೈನ್ ಮತ್ತು ವಿಪಿಎನ್ ನಡುವಿನ ಒಂದು ವ್ಯತ್ಯಾಸ ತಿಳಿಸಿ.
2. ವಿಪಿಎನ್ ಮಾಡುವ ಮೂರು ಕೆಲಸಗಳಾವುವು?
3. ವಿಪಿಎನ್ ಇದ್ದರೂ ಕಚೇರಿಯ ಮಾಹಿತಿ ಹೇಗೆ ಸೋರಬಹುದು? ಎರಡು ದಾರಿಗಳನ್ನು ಬರೆಯಿರಿ.
4. ನಿಮ್ಮ ಊರಿನಿಂದಲೇ ವಿಪಿಎನ್ ಮೂಲಕ ಮಾಡಬಹುದಾದ ಮೂರು ಲೆಕ್ಕಪತ್ರ ಕೆಲಸಗಳನ್ನು ಪಟ್ಟಿ ಮಾಡಿ.