ಒಳಾಂಗಣ ಸಸ್ಯಗಳಿಗೆ ದೀಪಗಳ ಆಯ್ಕೆ: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಬಾಳೆ, ಶುಂಠಿ, ಜರ್ಬೆರಾ, ಆಂಥೂರಿಯಂ ಮೊದಲಾದ ಸಸಿಗಳನ್ನು ಉತ್ಪಾದಿಸುವ ಅಂಗಾಂಶ ಕೃಷಿ ಪ್ರಯೋಗಾಲಯಗಳು, ಮುಚ್ಚಿದ ಕೊಠಡಿಯಲ್ಲಿ ಸೊಪ್ಪು ಬೆಳೆಯುವ ಘಟಕಗಳು, ಪಾಲಿಹೌಸ್‌ನಲ್ಲಿ ಸೇವಂತಿಗೆ ಬೆಳೆಯುವ ಪುಷ್ಪೋದ್ಯಮಿಗಳು, ಈ ಮೂರು ವರ್ಗದವರಿಗೂ ಕೃತಕ ಬೆಳಕು ಒಂದು ಉತ್ಪಾದನಾ ಸಾಮಗ್ರಿಯಾಗಿದೆ. ಆದರೆ ಕಚ್ಚಾ ಸಾಮಗ್ರಿಯನ್ನು ತೂಗಿ, ಪರೀಕ್ಷಿಸಿ ಕೊಳ್ಳುವ ಉದ್ಯಮಿಯೂ ದೀಪದ ವಿಷಯದಲ್ಲಿ ಬಿಡಿ ದೀಪದ ಬೆಲೆಯೊಂದನ್ನೇ ನೋಡಿ ಕೊಟೇಶನ್‌ಗಳನ್ನು ಹೋಲಿಸುವುದು ಸಾಮಾನ್ಯ. ದೀಪಕ್ಕೆ ತೆರುವ ಬೆಲೆ ಒಂದು ಸಲದ ವೆಚ್ಚ. ಅದು ಉರಿಯುವಷ್ಟು ಕಾಲ ತೆರಬೇಕಾದ ವಿದ್ಯುತ್ ಶುಲ್ಕ ಪ್ರತಿ ತಿಂಗಳ ವೆಚ್ಚ. ಇವೆರಡರಲ್ಲಿ ಯಾವುದು ದೊಡ್ಡದೆಂಬುದನ್ನು ದೀಪ ಉರಿಯುವ ಗಂಟೆಗಳು ನಿರ್ಧರಿಸುತ್ತವೆ. ಆಯ್ಕೆಯ ಮೂಲಸೂತ್ರ ಇಷ್ಟೇ.

ಈ ಲೆಕ್ಕಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ಪಾದರಸಕ್ಕೆ ಸಂಬಂಧಿಸಿದ ಮಿನಮಾತಾ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳು 2023ರಲ್ಲಿ ನಡೆದ ಸಮ್ಮೇಳನದಲ್ಲಿ, ಸಾಮಾನ್ಯ ಬಳಕೆಯ ಫ್ಲೋರೆಸೆಂಟ್ ದೀಪಗಳ ತಯಾರಿಕೆ, ಆಮದು ಹಾಗೂ ರಫ್ತನ್ನು 2027ರ ವೇಳೆಗೆ ಕೊನೆಗೊಳಿಸಲು ಒಪ್ಪಿಕೊಂಡವು. ಹಳೆಯ ಟ್ಯೂಬ್‌ಲೈಟ್‌ಗಳನ್ನೇ ನೆಚ್ಚಿಕೊಂಡಿರುವ ಪ್ರಯೋಗಾಲಯಗಳು ಎಲ್.ಇ.ಡಿ. ದೀಪಗಳಿಗೆ ಬದಲಾಗುವುದು ಅನಿವಾರ್ಯವಾಗಿದೆ. ಉಳಿದಿರುವ ಪ್ರಶ್ನೆ, ಯಾವ ಎಲ್.ಇ.ಡಿ. ದೀಪ ಎಂಬುದು.

1. ಅಳತೆಯ ಮಾನ ಯಾವುದು?

ವ್ಯಾಟ್ ಎಂಬುದು ದೀಪ ಸೇವಿಸುವ ವಿದ್ಯುತ್ತಿನ ಅಳತೆಯೇ ಹೊರತು ಕೊಡುವ ಬೆಳಕಿನ ಅಳತೆಯಲ್ಲ. ಲ್ಯೂಮೆನ್ ಮತ್ತು ಲಕ್ಸ್‌ಗಳು ಬೆಳಕಿನ ಅಳತೆಗಳೇ ಆದರೂ ಮನುಷ್ಯನ ಕಣ್ಣಿಗೆ ಹೊಂದಿಸಿದಂಥವು. ಕಣ್ಣು ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುವುದರಿಂದ ಈ ಮಾನಗಳಲ್ಲಿ ಹಸಿರಿಗೆ ಹೆಚ್ಚು ಅಂಕ, ಕೆಂಪು ಮತ್ತು ನೀಲಿಗೆ ಕಡಿಮೆ ಅಂಕ ದೊರೆಯುತ್ತದೆ.

ಸಸ್ಯದ ಲೆಕ್ಕ ಬೇರೆ. ದ್ಯುತಿಸಂಶ್ಲೇಷಣೆಗೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು ಎಷ್ಟು ಬಿದ್ದವು ಎಂಬುದು ಮುಖ್ಯ. ಈ ಕಣಗಳನ್ನು ಮೈಕ್ರೊಮೋಲ್ ಎಂಬ ಮಾನದಲ್ಲಿ ಎಣಿಸಲಾಗುತ್ತದೆ. ವ್ಯಾಪಾರದಲ್ಲಿ ಡಜನ್, ಗ್ರೋಸ್ ಇರುವಂತೆ ಇದೂ ಒಂದು ಎಣಿಕೆಯ ಮಾನ. ಖರೀದಿದಾರರು ತಿಳಿದಿರಬೇಕಾದ ಅಂಕಿಗಳು ಮೂರು:

ಅ) ದೀಪವು ಸೆಕೆಂಡಿಗೆ ಹೊರಸೂಸುವ ಒಟ್ಟು ಮೈಕ್ರೊಮೋಲ್. ಇದು ದೀಪದ ಉತ್ಪಾದನಾ ಸಾಮರ್ಥ್ಯ.

ಆ) ಗಿಡವಿರುವ ಜಾಗದಲ್ಲಿ ಪ್ರತಿ ಚದರ ಮೀಟರಿಗೆ, ಪ್ರತಿ ಸೆಕೆಂಡಿಗೆ ಬೀಳುವ ಮೈಕ್ರೊಮೋಲ್. ಇದು ಗ್ರಾಹಕನಾದ ಗಿಡಕ್ಕೆ ತಲುಪಿದ ಸರಕು.

ಇ) ಪ್ರತಿ ಜೂಲ್ ವಿದ್ಯುತ್ತಿಗೆ ದೊರೆಯುವ ಮೈಕ್ರೊಮೋಲ್, ಅಂದರೆ ದೀಪದ ದಕ್ಷತೆ. ವಾಹನಕ್ಕೆ ಮೈಲೇಜ್ ಹೇಗೋ ದೀಪಕ್ಕೆ ಇದು ಹಾಗೆ.

ದಕ್ಷತೆಯಲ್ಲಿನ ಅಂತರ ಚಿಕ್ಕದಲ್ಲ. ಚೋಕ್ ಸಹಿತವಾದ ಹಳೆಯ ಟ್ಯೂಬ್‌ಲೈಟ್‌ನ ದಕ್ಷತೆ ಒಂದಕ್ಕಿಂತ ಕಡಿಮೆ. ಹೈ ಪ್ರೆಶರ್ ಸೋಡಿಯಂ ದೀಪಗಳಲ್ಲಿ ಉತ್ತಮವಾದವು 1.7ರ ಆಸುಪಾಸಿನಲ್ಲಿವೆ. ಸಸ್ಯಗಳಿಗೆಂದೇ ತಯಾರಾದ ಉತ್ತಮ ಎಲ್.ಇ.ಡಿ. ದೀಪಗಳು 2.5ನ್ನು ಮೀರುತ್ತವೆ. ಎಲ್.ಇ.ಡಿ. ಎಂಬ ಹೆಸರಿದ್ದ ಮಾತ್ರಕ್ಕೆ ಈ ದಕ್ಷತೆ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ‘1000 ವ್ಯಾಟ್’ ಎಂದು ಮುದ್ರಿಸಿ, ವಾಸ್ತವವಾಗಿ ನೂರಿನ್ನೂರು ವ್ಯಾಟ್ ಮಾತ್ರ ಸೇವಿಸುವ ದೀಪಗಳೂ ಮಾರುಕಟ್ಟೆಯಲ್ಲಿವೆ. ಅಲ್ಲಿ ಮುದ್ರಿತವಾಗಿರುವುದು ‘ಸಮಾನ’ ವ್ಯಾಟ್ ಮಾತ್ರ.

2. ಬೆಳೆಗೆ ಬೇಕಾದ ಬೆಳಕು ಎಷ್ಟು?

ಅಂಗಾಂಶ ಕೃಷಿಯಲ್ಲಿ ಬಾಟಲಿಯೊಳಗಿನ ಸಸಿಗೆ ಮಾಧ್ಯಮದಿಂದಲೇ ಸಕ್ಕರೆ ದೊರೆಯುವುದರಿಂದ ಹೆಚ್ಚಿನ ಬೆಳಕು ಬೇಡ. ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 50 ಮೈಕ್ರೊಮೋಲ್‌ನಷ್ಟು, ದಿನಕ್ಕೆ 16 ಗಂಟೆಗಳ ಕಾಲ ಕೊಡುವುದು ವಾಡಿಕೆ. ಬಿಳಿ ಎಲ್.ಇ.ಡಿ. ಬೆಳಕಿನಲ್ಲಿ ಒಂದು ಮೈಕ್ರೊಮೋಲ್‌ಗೆ ಸುಮಾರು 70 ಲಕ್ಸ್ ಎಂದು ಹಿಡಿದರೆ ಇದು 3,500 ಲಕ್ಸ್ ಆಗುತ್ತದೆ. ಆದ್ದರಿಂದ ಬಿಳಿ ಬೆಳಕಿನ ಮಟ್ಟಿಗೆ ಲಕ್ಸ್ ಮೀಟರಿನಿಂದಲೂ ಸ್ಥೂಲ ಪರಿಶೀಲನೆ ಸಾಧ್ಯ. ಕೆಂಪು-ನೀಲಿ ದೀಪಗಳಿಗೆ ಮಾತ್ರ ಲಕ್ಸ್ ಮೀಟರನ್ನು ನಂಬಲಾಗದು.

ಲೆಟ್ಯೂಸ್‌ನಂತಹ ಸೊಪ್ಪಿಗೆ 200ರಿಂದ 250 ಮೈಕ್ರೊಮೋಲ್ ಬೇಕು. ಸೇವಂತಿಗೆಯ ವಿಷಯ ಇವೆರಡಕ್ಕಿಂತ ಭಿನ್ನ. ಅದು ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಸಸ್ಯ. ಕಾಂಡ ಸಾಕಷ್ಟು ಉದ್ದ ಬೆಳೆಯುವವರೆಗೆ ಮೊಗ್ಗನ್ನು ತಡೆಯಲು ನಡುರಾತ್ರಿ ಸುಮಾರು ನಾಲ್ಕು ಗಂಟೆ ಮಂದವಾದ ಬೆಳಕು ಕೊಟ್ಟು ರಾತ್ರಿಯನ್ನು ‘ಮುರಿಯುತ್ತಾರೆ’. ಈ ಬೆಳಕು ಗಿಡಕ್ಕೆ ಆಹಾರವಲ್ಲ, ಸಂಕೇತ ಮಾತ್ರ. ಕೆಲವೇ ಮೈಕ್ರೊಮೋಲ್ ಸಾಕು, ಆದರೆ ಅದರಲ್ಲಿ ಕೆಂಪು ಭಾಗ ಇರಲೇಬೇಕು.

3. ಬೆಳಕಿನ ಬಣ್ಣ

ನೀಲಿ ಬೆಳಕು ಗಿಡವನ್ನು ಗಿಡ್ಡವಾಗಿ, ಗಟ್ಟಿಯಾಗಿ ಇರಿಸುತ್ತದೆ. ಕೆಂಪು ಬೆಳಕು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕಣಗಳನ್ನು ಕೊಡುತ್ತದೆ. ಹಸಿರು ಬೆಳಕು ವ್ಯರ್ಥವೆಂಬ ನಂಬಿಕೆ ಸರಿಯಲ್ಲ. ಅದು ಎಲೆಯ ಒಳಪದರಗಳಿಗೆ ಇಳಿದು ಕೆಲಸ ಮಾಡುತ್ತದೆ. ವ್ಯವಹಾರದ ದೃಷ್ಟಿಯಿಂದ ಇನ್ನೊಂದು ಅಂಶ ಗಮನಾರ್ಹ. ನೇರಳೆ ಬೆಳಕಿನಲ್ಲಿ ಬಾಟಲಿಯೊಳಗಿನ ಬೂಷ್ಟು, ಎಲೆಯ ಹಳದಿ ಬಣ್ಣ ಇವು ಕೆಲಸಗಾರರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಸೋಂಕು ತಗುಲಿದ ಬಾಟಲಿಗಳನ್ನು ದಿನವೂ ಆರಿಸಿ ತೆಗೆಯಬೇಕಾದ ಪ್ರಯೋಗಾಲಯಕ್ಕೆ ಬಿಳಿ ಬೆಳಕೇ ಸೂಕ್ತ.

4. ಒಂದು ಮಾದರಿ ಲೆಕ್ಕ

200 ಅಂಕಣಗಳಿರುವ ಒಂದು ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಊಹಿಸೋಣ. ಪ್ರತಿ ಅಂಕಣ 4 ಅಡಿ ಉದ್ದ, 2 ಅಡಿ ಅಗಲ, ಅಂದರೆ ಸುಮಾರು 0.74 ಚದರ ಮೀಟರ್. ದೀಪದ ಬೆಳಕಿನಲ್ಲಿ ಶೇಕಡ 70 ಭಾಗ ಅಂಕಣದ ಮೇಲೆ ಬೀಳುವುದೆಂದು ಹಿಡಿದರೆ, 50 ಮೈಕ್ರೊಮೋಲ್ ಮಟ್ಟಕ್ಕೆ ಪ್ರತಿ ಅಂಕಣದ ದೀಪ ಸೆಕೆಂಡಿಗೆ ಸುಮಾರು 53 ಮೈಕ್ರೊಮೋಲ್ ಕೊಡಬೇಕು. ಎರಡು ಕೊಟೇಶನ್‌ಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಬೆಲೆಗಳು ಉದಾಹರಣೆಗಾಗಿ ಮಾತ್ರ.

‘ಅ’ ದೀಪ: 36 ವ್ಯಾಟ್, ದಕ್ಷತೆ 1.5, ಬೆಲೆ 900 ರೂ.
‘ಬ’ ದೀಪ: 20 ವ್ಯಾಟ್, ದಕ್ಷತೆ 2.7, ಬೆಲೆ 2,200 ರೂ.

ಎರಡೂ ಕೊಡುವ ಬೆಳಕು ಒಂದೇ, 54 ಮೈಕ್ರೊಮೋಲ್. ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 5,840 ಗಂಟೆ ಉರಿದಾಗ ‘ಅ’ ದೀಪ 210 ಯೂನಿಟ್ ಹಾಗೂ ‘ಬ’ ದೀಪ 117 ಯೂನಿಟ್ ಸೇವಿಸುತ್ತವೆ. ಯೂನಿಟ್‌ಗೆ 8 ರೂ.ನಂತೆ ಕ್ರಮವಾಗಿ 1,682 ರೂ. ಮತ್ತು 934 ರೂ. ಆಗುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ದೀಪ ಸೇವಿಸಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಕೊನೆಗೆ ಕೊಠಡಿಯೊಳಗೆ ಶಾಖವಾಗುತ್ತದೆ. ಆ ಶಾಖವನ್ನು ಹವಾನಿಯಂತ್ರಕ ಹೊರಹಾಕಬೇಕು. ಮೂರು ಯೂನಿಟ್ ಶಾಖಕ್ಕೆ ಒಂದು ಯೂನಿಟ್ ವಿದ್ಯುತ್ ಎಂದು ಹಿಡಿದರೆ ಮೇಲಿನ ಮೊತ್ತಕ್ಕೆ ಮೂರನೆಯ ಒಂದು ಭಾಗ ಸೇರುತ್ತದೆ. ಆಗ ‘ಅ’ ದೀಪದ ವಾರ್ಷಿಕ ವೆಚ್ಚ 2,243 ರೂ., ‘ಬ’ ದೀಪದ್ದು 1,246 ರೂ. ಉಳಿತಾಯ ಅಂಕಣವೊಂದಕ್ಕೆ ವರ್ಷಕ್ಕೆ 997 ರೂ.

ಬೆಲೆಯ ಅಂತರ 1,300 ರೂ.; ಶೇಕಡ 18ರ ಜಿ.ಎಸ್.ಟಿ. ಸೇರಿ 1,534 ರೂ. ಈ ಹೆಚ್ಚುವರಿ ಹೂಡಿಕೆ ಸುಮಾರು ಹದಿನೆಂಟೂವರೆ ತಿಂಗಳಲ್ಲಿ ಮರಳುತ್ತದೆ. 200 ಅಂಕಣಗಳಿಗೆ 3,06,800 ರೂ. ಹೆಚ್ಚು ಹೂಡಿದರೆ ವರ್ಷಕ್ಕೆ ಸುಮಾರು 1,99,000 ರೂ. ಉಳಿಯುತ್ತದೆ. ಐದು ವರ್ಷಗಳ ಉಳಿತಾಯವನ್ನು ಶೇಕಡ 12ರ ಬಡ್ಡಿದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೂ ಅಂಕಣವೊಂದಕ್ಕೆ ಸುಮಾರು 3,594 ರೂ. ಬರುತ್ತದೆ, ಹೆಚ್ಚುವರಿ ಹೂಡಿಕೆಯ ಎರಡು ಪಟ್ಟಿಗೂ ಇದು ಹೆಚ್ಚು.

ಐದು ವರ್ಷಗಳ ಒಟ್ಟು ವೆಚ್ಚ ‘ಅ’ ದೀಪಕ್ಕೆ 12,277 ರೂ., ‘ಬ’ ದೀಪಕ್ಕೆ 8,826 ರೂ. ‘ಅ’ ದೀಪದ ಒಟ್ಟು ವೆಚ್ಚದಲ್ಲಿ ಅದರ ಖರೀದಿ ಬೆಲೆಯ ಪಾಲು ನೂರಕ್ಕೆ 9 ರೂ.ಗಿಂತಲೂ ಕಡಿಮೆ. ಆ ಒಂಬತ್ತು ರೂಪಾಯಿಯಲ್ಲಿ ಚೌಕಾಸಿ ಮಾಡಿ, ಉಳಿದ ತೊಂಬತ್ತೊಂದನ್ನು ಗಮನಿಸದಿರುವುದು ಜಾಣತನವೆನಿಸದು.

5. ಇದೇ ದೀಪ, ಬೇರೆ ಉತ್ತರ

ಹಾಗೆಂದು ದುಬಾರಿ ದೀಪವೇ ಸದಾ ಲಾಭದಾಯಕವೆಂದು ತಿಳಿಯಬಾರದು. ಇದೇ ಎರಡು ದೀಪಗಳನ್ನು ಸೇವಂತಿಗೆಯ ಪಾಲಿಹೌಸ್‌ನಲ್ಲಿ ತೂಗುಹಾಕಿದರೆಂದು ಭಾವಿಸೋಣ. ರಾತ್ರಿಗೆ 4 ಗಂಟೆ, ಒಂದು ಬೆಳೆಗೆ 30 ರಾತ್ರಿ, ವರ್ಷಕ್ಕೆ ಮೂರು ಬೆಳೆ, ಒಟ್ಟು 360 ಗಂಟೆ. ಹವಾನಿಯಂತ್ರಕವೂ ಇಲ್ಲ. ಈಗ ವಾರ್ಷಿಕ ಉಳಿತಾಯ ಕೇವಲ 46 ರೂ. 1,534 ರೂ. ಮರಳಲು 33 ವರ್ಷ ಬೇಕು. ಅಷ್ಟು ಕಾಲ ದೀಪವೂ ಇರದು, ಪಾಲಿಹೌಸ್‌ನ ಹಾಳೆಯೂ ಇರದು.

ಇಲ್ಲಿ ಕಡಿಮೆ ಬೆಲೆಯ, ಕೆಂಪು ಭಾಗ ಸಾಕಷ್ಟಿರುವ, ತೇವಾಂಶ ತಡೆಯುವ ಸಾಧಾರಣ ದೀಪವೇ ಲೇಸು. ಆದರೆ ಹಳೆಯ 100 ವ್ಯಾಟ್ ಬುರುಡೆ ಬಲ್ಬುಗಳನ್ನೇ ಉಳಿಸಿಕೊಳ್ಳುವುದು ಉಚಿತವಲ್ಲ. 10 ವ್ಯಾಟ್ ಎಲ್.ಇ.ಡಿ. ಬಲ್ಬಿಗೆ ಬದಲಾದರೆ 360 ಗಂಟೆಗಳಲ್ಲೇ ಬಲ್ಬೊಂದಕ್ಕೆ 32 ಯೂನಿಟ್ ಉಳಿಯುತ್ತದೆ. ಎಲ್ಲ ಬಲ್ಬುಗಳೂ ಒಮ್ಮೆಗೇ ಉರಿಯುವುದರಿಂದ ಬೇಕಾಗುವ ಮಂಜೂರಾತಿ ಲೋಡ್ ಕೂಡ ತಗ್ಗಿ, ಅದನ್ನಾಧರಿಸಿದ ನಿಗದಿತ ಶುಲ್ಕ ಕಡಿಮೆಯಾಗುತ್ತದೆ.

6. ದೀಪವೇ ಬೇಕೆ?

ಮುಚ್ಚಿದ ಕೊಠಡಿಯಲ್ಲಿ ಸೊಪ್ಪು ಬೆಳೆಯಲು ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 250 ಮೈಕ್ರೊಮೋಲ್ ಬೆಳಕನ್ನು 16 ಗಂಟೆ ಕೊಟ್ಟರೆ ದಿನಕ್ಕೆ ಚದರ ಮೀಟರಿಗೆ 14.4 ಮೋಲ್ ಆಗುತ್ತದೆ. 2.7 ದಕ್ಷತೆಯ ಉತ್ತಮ ದೀಪದಿಂದ, ಶೇಕಡ 80 ಬೆಳಕು ಗಿಡಕ್ಕೆ ತಲುಪಿದರೂ, ದಿನಕ್ಕೆ ಸುಮಾರು 1.85 ಯೂನಿಟ್ ಬೇಕು. 8 ರೂ. ದರದಲ್ಲಿ 35 ದಿನಗಳಿಗೆ ಚದರ ಮೀಟರಿಗೆ ಸುಮಾರು 518 ರೂ. ಅಲ್ಲಿ 25 ಗಿಡಗಳಿದ್ದರೆ ಗಿಡವೊಂದಕ್ಕೆ ಬೆಳಕಿನ ವೆಚ್ಚವೇ ಸುಮಾರು 21 ರೂ. ಹವಾನಿಯಂತ್ರಣ, ಕೂಲಿ, ಬೀಜ, ಪ್ಯಾಕಿಂಗ್ ಇವೆಲ್ಲ ಇದರ ಮೇಲೆ.

ಬಯಲಿನಲ್ಲಿ ಬಿಸಿಲಿನ ಒಂದು ದಿನ ಇದರ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಬಿಟ್ಟಿಯಾಗಿ ಕೊಡುತ್ತದೆ. ಆ ಬಿಟ್ಟಿ ಬೆಳಕಿನಲ್ಲಿ ಬೆಳೆದ ಸೊಪ್ಪಿನೊಡನೆ ಈ ಸೊಪ್ಪು ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸಬೇಕು. ಅಮೆರಿಕದಲ್ಲಿ ಭಾರಿ ಬಂಡವಾಳದ ಏರೋಫಾರ್ಮ್ಸ್ ಸಂಸ್ಥೆ 2023ರಲ್ಲಿ, ಪ್ಲೆಂಟಿ ಸಂಸ್ಥೆ 2025ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿದುದನ್ನು ಈ ಉದ್ಯಮಕ್ಕಿಳಿಯುವವರು ಮರೆಯಬಾರದು. ಅಂಗಾಂಶ ಕೃಷಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ಒಂದೇ ಅಂಕಣದಲ್ಲಿ ನೂರಾರು ಸಸಿಗಳಿರುವುದರಿಂದ ಬೆಳಕಿನ ವೆಚ್ಚ ಹಂಚಿಹೋಗುತ್ತದೆ.

7. ತೆರಿಗೆಯ ಅಂಶ

ಎಲ್.ಇ.ಡಿ. ದೀಪಗಳ ಮೇಲಿನ ಜಿ.ಎಸ್.ಟಿ. ದರವನ್ನು 2022ರ ಜುಲೈ 18ರಿಂದ ಶೇಕಡ 12ರಿಂದ 18ಕ್ಕೆ ಏರಿಸಲಾಯಿತು. ದೀಪದ ವ್ಯಾಪಾರಿಗೆ ಈ ತೆರಿಗೆಯ ಹೂಡುವಳಿ ಜಮೆ ದೊರೆಯುತ್ತದೆ. ಆದರೆ ಜೀವಂತ ಸಸಿಗಳು ಮತ್ತು ತಾಜಾ ಸೊಪ್ಪು ತೆರಿಗೆಯಿಂದ ವಿನಾಯಿತಿ ಪಡೆದ ಸರಕುಗಳು. ವಿನಾಯಿತಿ ಪಡೆದ ಪೂರೈಕೆಗಾಗಿಯೇ ಬಳಸಿದ ಸಾಮಗ್ರಿಯ ಮೇಲೆ ಹೂಡುವಳಿ ತೆರಿಗೆ ಜಮೆ ಇಲ್ಲ. ಆದ್ದರಿಂದ ಸಸಿ ಉತ್ಪಾದಕರಿಗೆ ಈ ಶೇಕಡ 18 ನಿವ್ವಳ ವೆಚ್ಚವೇ ಆಗಿದೆ. ಮೇಲಿನ ಲೆಕ್ಕದಲ್ಲಿ ಅದನ್ನು ಬೆಲೆಗೆ ಸೇರಿಸಿರುವುದು ಇದೇ ಕಾರಣಕ್ಕೆ. ಜಮೆ ಪಡೆಯದ ತೆರಿಗೆಯನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ ಲೆಕ್ಕವಿಡಬೇಕು.

8. ಖರೀದಿ ಆದೇಶದಲ್ಲಿ ಇರಬೇಕಾದ ಷರತ್ತುಗಳು

ಅ) ಒಟ್ಟು ಮೈಕ್ರೊಮೋಲ್ ಮತ್ತು ದಕ್ಷತೆಯನ್ನು ಡ್ರೈವರ್ ಸಹಿತವಾದ ಪೂರ್ಣ ದೀಪಕ್ಕೆ ತಿಳಿಸಬೇಕು. ಚಿಪ್ ಒಂದರ ಅಂಕಿ ಸಾಲದು. ಪ್ರಯೋಗಾಲಯದ ಪರೀಕ್ಷಾ ವರದಿಯ ಪ್ರತಿ ಲಗತ್ತಿಸಿರಬೇಕು.

ಆ) ಬಾಳಿಕೆಯನ್ನು ‘ಇಷ್ಟು ಗಂಟೆಗಳ ನಂತರ ಬೆಳಕು ಶೇಕಡ 90 ಉಳಿದಿರುತ್ತದೆ’ ಎಂಬ ರೂಪದಲ್ಲಿ ಹೇಳಬೇಕು. ಐದು ವರ್ಷಗಳ ಬಳಕೆ 29,200 ಗಂಟೆ ಎಂಬುದು ನೆನಪಿರಲಿ. ಶೇಕಡ 70ರ ಅಂಕಿಯನ್ನು ಕೊಟ್ಟರೆ ಅದು ಗಿಡದ ದೃಷ್ಟಿಯಿಂದ ಬಹಳ ಸಡಿಲವಾದ ಭರವಸೆ.

ಇ) ಪವರ್ ಫ್ಯಾಕ್ಟರ್ 0.9ಕ್ಕಿಂತ ಹೆಚ್ಚಿರಬೇಕು. ವೋಲ್ಟೇಜ್ ಏರಿಳಿತ ತಡೆಯುವ ರಕ್ಷಣೆ ಇರಬೇಕು. ತೇವದ ಜಾಗಕ್ಕೆ ಐ.ಪಿ. 65 ದರ್ಜೆಯ ಕವಚ ಬೇಕು.

ಈ) ಡ್ರೈವರ್ ಸಹಿತ ಲಿಖಿತ ಖಾತರಿ ಇರಬೇಕು. ಸಾಮಾನ್ಯವಾಗಿ ಮೊದಲು ಕೆಡುವುದು ಡ್ರೈವರೇ.

ಉ) ದೊಡ್ಡ ಆದೇಶಕ್ಕೆ ಮೊದಲು ಎರಡು ಮಾದರಿ ದೀಪ ತರಿಸಿ, ಎನರ್ಜಿ ಮೀಟರಿನಿಂದ ವ್ಯಾಟ್ ಅಳೆಯಬೇಕು. ಅಂಕಣದ ಒಂಬತ್ತು ಬಿಂದುಗಳಲ್ಲಿ ಬೆಳಕನ್ನು ಅಳೆದು, ಮೂಲೆಗೂ ನಡುವಿಗೂ ಇರುವ ವ್ಯತ್ಯಾಸವನ್ನು ಬರೆದಿಡಬೇಕು.

ಈ ಕೊನೆಯ ಅಂಶಕ್ಕೆ ಕಾಲಮಿತಿಯೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯನ್ವಯ, ಸರಕಿನ ಬಗ್ಗೆ ಆಕ್ಷೇಪಣೆಯನ್ನು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸದಿದ್ದರೆ ಸರಕು ಸ್ವೀಕೃತವಾದಂತೆ ಪರಿಗಣಿತವಾಗುತ್ತದೆ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾದ ಪೂರೈಕೆದಾರರಿಗೆ, ಒಪ್ಪಂದವೇನೇ ಇರಲಿ, ಸ್ವೀಕೃತಿಯಿಂದ 45 ದಿನಗಳೊಳಗೆ ಹಣ ಪಾವತಿಸಬೇಕು. ಪೆಟ್ಟಿಗೆಗಳನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರಿಸಿ, ಅನಂತರ ತಕರಾರು ತೆಗೆದರೆ ಫಲವಿಲ್ಲ.

ದೀಪ ತಯಾರಿಸುವ ಸಣ್ಣ ಕೈಗಾರಿಕೆಗಳಿಗೂ ಇದರಲ್ಲಿ ಪಾಠವಿದೆ. ವ್ಯಾಟ್ ಮತ್ತು ಬೆಲೆಯನ್ನಷ್ಟೇ ನಮೂದಿಸುವ ತಯಾರಕರು ಅಗ್ಗದ ಸರಕಿನೊಡನೆ ಬೆಲೆಯಲ್ಲೇ ಸ್ಪರ್ಧಿಸಬೇಕಾಗುತ್ತದೆ. ಪರೀಕ್ಷಿತ ದಕ್ಷತೆ, ಬಾಳಿಕೆ ಹಾಗೂ ಐದು ವರ್ಷಗಳ ವೆಚ್ಚದ ಪಟ್ಟಿಯನ್ನು ಕೊಟೇಶನ್‌ನೊಡನೆ ಲಗತ್ತಿಸುವವರು ತಮ್ಮ ಹೆಚ್ಚಿನ ಬೆಲೆಯನ್ನು ಸಮರ್ಥಿಸಿಕೊಳ್ಳಬಲ್ಲರು.

ಒಟ್ಟಿನಲ್ಲಿ, ಬೆಳೆಗೆ ಬೇಕಾದ ಬೆಳಕು, ವರ್ಷಕ್ಕೆ ಉರಿಯುವ ಗಂಟೆ, ದೀಪದ ದಕ್ಷತೆ ಮತ್ತು ತೆರಿಗೆ ಸಹಿತ ಬೆಲೆ, ಈ ನಾಲ್ಕು ಅಂಕಿಗಳನ್ನು ಇದೇ ಕ್ರಮದಲ್ಲಿ ಬರೆದುಕೊಂಡರೆ ಆಯ್ಕೆ ಕಷ್ಟವಲ್ಲ. ವರ್ಷಕ್ಕೆ ಸಾವಿರಾರು ಗಂಟೆ ಉರಿಯುವ ದೀಪದಲ್ಲಿ ದಕ್ಷತೆಯನ್ನು, ಕೆಲವು ನೂರು ಗಂಟೆ ಮಾತ್ರ ಉರಿಯುವ ದೀಪದಲ್ಲಿ ಬೆಲೆಯನ್ನು ಮುಂದಿಟ್ಟು ನಿರ್ಧರಿಸುವುದು ಕ್ಷೇಮಕರ.