ಕೃತಕ ಹಲ್ಲಿಗೆ ಸರಿಯಾದ ಅಚ್ಚೇ ಆಧಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ದಂಪತಿಗಳೇ, ಶಹಾಬಾದ ಕಲ್ಲಿನ ಹಾಸು ನಿಮಗೆ ಪರಿಚಿತವಾದುದು. ಕೆಳಗಿನ ನೆಲ ಸಮವಿಲ್ಲದಿದ್ದರೆ ಹಾಸುಗಲ್ಲು ಅಲುಗಾಡಿ, ಕೊನೆಗೆ ಬಿರಿಯುತ್ತದೆ. ಕೃತಕ ಹಲ್ಲಿನ ವಿಷಯವೂ ಹಾಗೆಯೇ.

ದವಡೆಯ ಎಲುಬಿನಲ್ಲಿ ಟೈಟೇನಿಯಂ ತಿರುಪನ್ನು ನೆಟ್ಟು, ಅದರ ಮೇಲೆ ಹಲ್ಲು ಕೂರಿಸುವುದಕ್ಕೆ ಇಂಪ್ಲಾಂಟ್ ಎನ್ನುವರು. ಸ್ವೀಡನ್ನಿನ ಡಾ. ಬ್ರೋನೆಮಾರ್ಕ್ ಅವರು 1965ರಲ್ಲಿ ಇಂತಹ ತಿರುಪನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು.

ಸಹಜ ಹಲ್ಲಿನ ಬೇರಿನ ಸುತ್ತ ತೆಳುವಾದ ತಂತುಪೊರೆ ಇರುವುದರಿಂದ ಹಲ್ಲು ಕೂದಲೆಳೆಯಷ್ಟು ಸರಿಯಬಲ್ಲದು. ಎಲುಬಿಗೆ ಬೆಸೆದ ತಿರುಪು ಹಾಗೆ ಸರಿಯದು. ಆದುದರಿಂದ ಅಚ್ಚಿನಲ್ಲಿ ಅಲ್ಪ ದೋಷವಾದರೂ ಹಲ್ಲಿನ ಸಾಲು ಸರಿಯಾಗಿ ಕೂರದೆ, ಜೋಡಣೆ ಸಡಿಲಾಗಬಹುದು ಅಥವಾ ಮುರಿಯಬಹುದು. ದುಡಿದ ಹಣ ವ್ಯರ್ಥವಾಗುವುದು.

ಅಚ್ಚು ತೆಗೆಯಲು ರಬ್ಬರಿನಂತಹ ಲೇಪವನ್ನು ತಟ್ಟೆಯಲ್ಲಿ ತುಂಬಿ ಬಾಯಿಯೊಳಗೆ ಒತ್ತುವರು. ಹಲವು ತಿರುಪುಗಳಿದ್ದಲ್ಲಿ, ಅವುಗಳ ಮೇಲೆ ಕೂರಿಸುವ ಅಚ್ಚುಗೂಟಗಳನ್ನು ಒಂದಕ್ಕೊಂದು ಬಿಗಿದು ಅಚ್ಚು ತೆಗೆದರೆ ಅಳತೆ ಸಾಮಾನ್ಯವಾಗಿ ಹೆಚ್ಚು ನಿಖರವಾಗಿರುತ್ತದೆ.

ನೆನಪಿಡಿ:

1. ಲೇಪ ಗಟ್ಟಿಯಾಗುವವರೆಗೆ ಅಲುಗಾಡದೆ, ಮೂಗಿನಿಂದ ಉಸಿರಾಡಿರಿ.
2. ವೈದ್ಯರು ಮತ್ತೊಮ್ಮೆ ಅಚ್ಚು ಬೇಕೆಂದರೆ ಬೇಸರಿಸದಿರಿ.
3. ಕೂರಿಸಿದ ಹಲ್ಲು ಬಿಗಿದಂತೆ ಅಥವಾ ಎತ್ತರವಾದಂತೆ ತೋರಿದರೆ ಅಂದೇ ತಿಳಿಸಿರಿ.
4. ಬೀದಿಬದಿಯಲ್ಲಿ ಹಲ್ಲು ಕಟ್ಟುವವರನ್ನು ನಂಬದೆ, ಅರ್ಹ ದಂತವೈದ್ಯರನ್ನೇ ಕಾಣಿರಿ. ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ.
5. ಬೀಡಿ, ತಂಬಾಕು ಬಿಡಿರಿ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿರಿ.

ಇಂಪ್ಲಾಂಟಿನ ವೆಚ್ಚ ಭರಿಸಲಾಗದವರಿಗೆ ತೆಗೆದು ಹಾಕುವ ಹಲ್ಲಿನ ಸೆಟ್ಟು ಉಂಟು. ಅದಕ್ಕೂ ಸರಿಯಾದ ಅಚ್ಚೇ ಆಧಾರ. ಪತಿಯ ಹಲ್ಲಿನಷ್ಟೇ ಪತ್ನಿಯ ಹಲ್ಲೂ ಮುಖ್ಯ. ಇಬ್ಬರೂ ಕೂಡಿ ಪರೀಕ್ಷೆಗೆ ಹೋಗಿರಿ.