ದಿನದ 24 ತಾಸಿನ ಲೆಕ್ಕ



ಕಿರಾಣಿ ಅಂಗಡಿಯ ಲೆಕ್ಕ ಬರೆಯುವುದು ನಿಮಗೆ ಈಗ ಬರುತ್ತದೆ. ಈ ಪಾಠದಲ್ಲಿ ಸಮಯದ ಲೆಕ್ಕ ಬರೆಯೋಣ. ದುಡ್ಡು ಒಬ್ಬರ ಹತ್ತಿರ ಹೆಚ್ಚು, ಒಬ್ಬರ ಹತ್ತಿರ ಕಡಿಮೆ ಇರುತ್ತದೆ. ಆದರೆ ದಿನಕ್ಕೆ 24 ತಾಸು ಎಲ್ಲರಿಗೂ ಒಂದೇ. ಅದು ಎಲ್ಲಿ ಖರ್ಚಾಗುತ್ತದೆ? ಬರೆದು ನೋಡಿದರೆ ಗೊತ್ತಾಗುತ್ತದೆ.

ಓದಿರಿ

ಸೋಲಾಪುರದಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಒಬ್ಬ ಅಕ್ಕ ನಮ್ಮ ಸಾಕ್ಷರತಾ ಕೇಂದ್ರಕ್ಕೆ ಬರುತ್ತಿದ್ದಳು. ಒತ್ತಕ್ಷರದವರೆಗೆ ಕಲಿತಿದ್ದಳು. ಆಮೇಲೆ ಮೂರು ವಾರ ಬರಲೇ ಇಲ್ಲ. ನಾನು ಆಕೆಯ ಮನೆಗೆ ಹೋದೆ.

ಆಕೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. "ಸಿಟ್ಟಾಗಬ್ಯಾಡ್ರಿ ಬಾಯಾರ. ರಾತ್ರಿ ಪುಸ್ತಕ ತೆಗದ್ರ ಕಣ್ಣ ತಾವs ಮುಚ್ಚತಾವ" ಅಂದಳು.

ಬಚ್ಚಲಲ್ಲಿ ಹನ್ನೆರಡು ವರ್ಷದ ಮಗಳು ಭಾಂಡೆ ತಿಕ್ಕುತ್ತಿದ್ದಳು. "ಇವತ್ತ ಸಾಲಿ ಇಲ್ಲೇನವ್ವಾ?" ಎಂದು ಕೇಳಿದೆ. "ಐತ್ರಿ. ಅವ್ವನ ಕೈ ನೋಯಾಕತ್ತೈತಿ. ವಾರದಾಗ ಎರಡ ದಿನ ನಾನs ಮನ್ಯಾಗ ಇರ್ತೀನಿ" ಅಂದಳು.

ಅಕ್ಕ ತಲೆ ತಗ್ಗಿಸಿದಳು. ನಾನು ಒಂದು ಹಾಳೆ ತೆಗೆದು ಆಕೆಯ ಕೈಗೆ ಪೆನ್ನು ಕೊಟ್ಟೆ. "ನಿನ್ನ ಒಂದು ದಿನ ಬರಿ ಅಕ್ಕಾ" ಅಂದೆ. ಆಕೆ ನಿಧಾನವಾಗಿ ಬರೆದಳು.

ಅಕ್ಕನ ದಿನ

ಬೆಳಿಗ್ಗೆ 5ರಿಂದ 8: ನೀರು, ಕಸ, ರೊಟ್ಟಿ, ಡಬ್ಬಿ (3 ತಾಸು)
8ರಿಂದ 10: ಕಾರ್ಖಾನೆಗೆ ಬೀಡಿ ಕೊಟ್ಟು, ಎಲೆ, ತಂಬಾಕು ತರುವುದು (2 ತಾಸು)
10ರಿಂದ 1: ಬೀಡಿ (3 ತಾಸು)
1ರಿಂದ 2: ಊಟ, ಭಾಂಡೆ (1 ತಾಸು)
2ರಿಂದ 6: ಬೀಡಿ (4 ತಾಸು)
6ರಿಂದ 9: ಕಿರಾಣಿ, ಅಡಿಗೆ, ಊಟ, ಭಾಂಡೆ (3 ತಾಸು)
9ರಿಂದ 11: ನಾಳೆಗೆ ಎಲೆ ಕತ್ತರಿಸುವುದು (2 ತಾಸು)
11ರಿಂದ 5: ನಿದ್ದೆ (6 ತಾಸು)

ಬೀಡಿ ಕೆಲಸ 11 ತಾಸು. ಮನೆಗೆಲಸ ಮತ್ತು ಊಟ 7 ತಾಸು. ನಿದ್ದೆ 6 ತಾಸು. ಕೂಡಿದರೆ 24. "ಬಾಯಾರ, ನನಗಂತ ಏನೂ ಉಳೀಲಿಲ್ಲಲ್ರಿ!" ಅಂದಳು.

ರಾತ್ರಿ ಗಂಡ ಬಂದ ಮೇಲೆ ಹಾಳೆ ತೋರಿಸಿದಳಂತೆ. ಆತ ಪಾವರ್‌ಲೂಮ್ ಕೆಲಸಗಾರ. "ನಾನೂ ಹನ್ನೆರಡ ತಾಸ ನಿಂತ ದುಡದ ಬರ್ತೀನಿ. ನನ್ನ ಲೆಕ್ಕಾನೂ ಬರಿ" ಅಂದ. ಅದೂ ನ್ಯಾಯವೇ. ಮಗಳು ಬರೆದಳು. ಕೆಲಸ, ಹೋಗಿ ಬರುವುದು 13 ತಾಸು. ಜಳಕ, ಊಟ 2 ತಾಸು. ಕಟ್ಟೆ, ಟಿ.ವಿ. 2 ತಾಸು. ನಿದ್ದೆ 7 ತಾಸು. ಮನೆಗೆಲಸದ ಮುಂದೆ ಸೊನ್ನೆ ಹಾಕಿದಳು.

ಆತ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದ. "ಮಗಳ ಸಾಲಿ ಬಿಡಸೂದ ಬ್ಯಾಡ" ಅಂದ.

ಮರುದಿನದಿಂದ ಮೂರು ಕೆಲಸ ಕೈ ಬದಲಾಯಿಸಿದವು. ಬೆಳಿಗ್ಗೆ ನೀರು ತುಂಬುವುದು ದೊಡ್ಡ ಮಗನ ಪಾಲಿಗೆ ಬಂತು. ಅಕ್ಕನಿಗೆ ಅರ್ಧ ತಾಸು ಹೆಚ್ಚು ನಿದ್ದೆ. ಸಂಜೆ ಕಿರಾಣಿಯೂ ಮಗನದೇ. ರಾತ್ರಿ ಭಾಂಡೆ ಗಂಡನದು. ಇವೆರಡರಿಂದ ಒಂದು ತಾಸು ಉಳಿಯಿತು. ರಾತ್ರಿ 8ರಿಂದ 9ರವರೆಗೆ ಅಕ್ಕ ಮತ್ತೆ ಕೇಂದ್ರಕ್ಕೆ ಬಂದಳು.

ಮೊದಮೊದಲು ಗಂಡ ಬಾಗಿಲು ಹಾಕಿಕೊಂಡು ಭಾಂಡೆ ತಿಕ್ಕುತ್ತಿದ್ದ. ಓಣಿಯವರು ನಗುತ್ತಾರೆ ಎಂಬ ನಾಚಿಕೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತು. ಮನೆ ತುಂಬ ಬೀಗರು. ಎಂಟು ದಿನ ಎಲ್ಲ ಕೆಲಸವೂ ತಿರುಗಿ ಅಕ್ಕನ ತಲೆಗೇ ಬಿತ್ತು. ಬೀಗರು ಹೋದ ರಾತ್ರಿ ಮಗಳು ಗೋಡೆಯ ಮೇಲಿನ ಹಾಳೆ ತೋರಿಸಿದಳು. ಅಪ್ಪ ಮಾತಾಡದೆ ಎದ್ದು ಬಚ್ಚಲಿಗೆ ಹೋದ. ಈಗ ಬಾಗಿಲು ತೆರೆದೇ ಇರುತ್ತದೆ.

ಆಕೆಯ ದಣಿವು ಪೂರ್ತಿ ಹೋಗಿಲ್ಲ. ಬೀಡಿ ಈಗಲೂ 11 ತಾಸೇ. ಆದರೆ ಕಾರ್ಖಾನೆಯವರು ಕಾರ್ಡಿನಲ್ಲಿ ಬರೆದದ್ದನ್ನು ಆಕೆ ತಾನೇ ಓದುತ್ತಾಳೆ. ಮಗಳು ವಾರ ಪೂರ್ತಿ ಸಾಲೆಗೆ ಹೋಗುತ್ತಾಳೆ.

ತಿಳಿದುಕೊಳ್ಳಿರಿ

1. ಭಾರತ ಸರ್ಕಾರ 2024ರಲ್ಲಿ ಜನರ ಸಮಯದ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಈ ಕೆಲಸಕ್ಕೆ ಸಂಬಳವಿಲ್ಲ. ಆದರೆ ಇದಿಲ್ಲದೆ ಯಾರೂ ಹೊರಗೆ ದುಡಿಯಲು ಆಗದು.

2. 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ದಿನಕ್ಕೆ 8 ತಾಸಿನ ದುಡಿಮೆ ಬೇಕೆಂದು ಮುಷ್ಕರ ಮಾಡಿದರು. 8 ತಾಸು ದುಡಿಮೆ, 8 ತಾಸು ವಿಶ್ರಾಂತಿ, 8 ತಾಸು ನಮಗಾಗಿ ಎಂಬುದು ಕಾರ್ಮಿಕರ ಬೇಡಿಕೆಯಾಗಿತ್ತು. ತನಗಾಗಿ ಸಮಯ ಕೇಳುವುದು ಸೋಮಾರಿತನವಲ್ಲ.

3. 6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಹಕ್ಕು. ಈ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

4. ಸೋಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೇ ಶತಮಾನದಲ್ಲಿ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಶರಣರು ಕಾಯಕದಲ್ಲಿ ಮೇಲು ಕೀಳು ಎಣಿಸಲಿಲ್ಲ. ಭಾಂಡೆ ತಿಕ್ಕುವುದೂ ಕಾಯಕವೇ.

ಲೆಕ್ಕ ಮಾಡಿರಿ

1. 289 ನಿಮಿಷ ಎಂದರೆ ಎಷ್ಟು ತಾಸು, ಎಷ್ಟು ನಿಮಿಷ? (60 ನಿಮಿಷಕ್ಕೆ 1 ತಾಸು)
2. 289ರಲ್ಲಿ 88 ಕಳೆದರೆ ಎಷ್ಟು?

ಉತ್ತರ ಹೇಳಿರಿ

1. ಮಗಳು ಸಾಲೆ ಬಿಟ್ಟು ಮನೆಯಲ್ಲಿ ಯಾಕೆ ಉಳಿಯುತ್ತಿದ್ದಳು?
2. ಗಂಡ ಮೊದಲು ಬಾಗಿಲು ಯಾಕೆ ಹಾಕಿಕೊಳ್ಳುತ್ತಿದ್ದ?
3. ಮಗ ಮಾಡಿದ ಎರಡು ಕೆಲಸ ಯಾವುವು?

ಮನೆಯಲ್ಲಿ ಮಾಡಿರಿ

ನಿಮ್ಮ ಒಂದು ದಿನದ ಲೆಕ್ಕ ಬರೆಯಿರಿ. ಮನೆಯವರದೂ ಬರೆಯಿರಿ. ಎಲ್ಲ ಕೂಡಿಸಿ 24 ಬರುತ್ತದೆಯೇ ನೋಡಿರಿ. ಕೈ ಬದಲಾಯಿಸಬಹುದಾದ ಒಂದು ಕೆಲಸಕ್ಕೆ ಗೆರೆ ಎಳೆಯಿರಿ. ಆ ಹಾಳೆಯನ್ನು ಎಲ್ಲರಿಗೂ ಕಾಣುವ ಗೋಡೆಗೆ ಅಂಟಿಸಿರಿ.